ಬಾನುಲಿಗೆ ಬೋರ್ಡೋ ದ್ರಾವಣದ ಮಾತಷ್ಟೇ ಸಾಕೆ?

ದನಗಳ ಮೇವಿಗೆಂದು ಕಾದಿಟ್ಟ ಬಯಲನ್ನು ನಮ್ಮ ಹಿರಿಯರು ಕಾವಲು ಎಂದು ಕರೆಯುತ್ತಿದ್ದರು. ಬೆಂಗಳೂರಿನ ಪಶ್ಚಿಮಕ್ಕಿರುವ ಶ್ರೀಗಂಧದ ಕಾವಲ್‌ನಲ್ಲಿ ಈಗ ಗಂಧವೂ ಕಾವಲೂ ಹೆಸರಿಗಷ್ಟೆ. ಉಳಿದದ್ದು ಒತ್ತೊತ್ತಾದ ಮನೆಗಳ ಬಡಾವಣೆ. ಮಲೆನಾಡನ್ನು ಬಿಟ್ಟು ಅಲ್ಲಿ ಬಾಡಿಗೆಗಿರುವ ಯುವಕನು ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಕುಳಿತು ಪಶ್ಚಿಮಘಟ್ಟದ ಕುರಿತ ಪಾಡ್‌ಕಾಸ್ಟ್ ಕೇಳಬಲ್ಲ. ಯಾವ ಊರಿನ ಬಗ್ಗೆ ಆ ಚರ್ಚೆಯೋ ಅದೇ ಊರಿನಲ್ಲಿರುವ ಅವನ ತಾಯಿ ಅದನ್ನು ಕೇಳಬೇಕಾದರೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕು. ಹತ್ತಿದರೂ ಚರ್ಚೆ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ.

ಸಾಮಾಜಿಕ ನ್ಯಾಯವನ್ನು ಕುರಿತ ಪಾಡ್‌ಕಾಸ್ಟುಗಳು ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಅವು ಬಂದ ಮೇಲೆ ಬಾನುಲಿಯ ಹಕ್ಕಿಗಾಗಿ ಹೋರಾಡುವುದು ವ್ಯರ್ಥವೆಂದು ವಾದಿಸುವ ಮಿತ್ರರಿದ್ದಾರೆ. ಈ ವಾದವನ್ನು ನಾನು ಖಂಡಿಸುತ್ತೇನೆ.

ಬಾನಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲೇ ತೀರ್ಪಿತ್ತಿತು. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು 'ನಮ್ಮ ಧ್ವನಿ'ಯನ್ನು ಕಟ್ಟಿದಾಗ ಪ್ರಸಾರಕ್ಕೆ ಪರವಾನಗಿ ದೊರೆಯುವ ಹಾದಿಯೇ ಇರಲಿಲ್ಲ. ಅವರು ಎದೆಗುಂದದೆ 2003ರಲ್ಲಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ತಮ್ಮ ಮಾತನ್ನು ಮುಟ್ಟಿಸಿದರು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ತೆರೆದ ಬಾಗಿಲಿಗೂ ಒಂದು ಅಗುಳಿ ಇತ್ತು: ಸುದ್ದಿ, ಪ್ರಚಲಿತ ವಿದ್ಯಮಾನ ಹಾಗೂ ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ಪ್ರಸಾರ ಮಾಡಕೂಡದು. ಮುಂದೆ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಲು ಅವಕಾಶ ದೊರೆಯಿತು. ಸ್ವಂತ ಸುದ್ದಿಗೆ ಈಗಲೂ ಇಲ್ಲ. ದೂರದರ್ಶನದ ಖಾಸಗಿ ವಾಹಿನಿಗಳು ಹಗಲಿರುಳು ಅರಚಬಹುದು, ಬೂದಿಕೋಟೆ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು! ನೂರು ವಾಟ್ ವಿಕಿರಣ ಸಾಮರ್ಥ್ಯದ ಪುಟ್ಟ ಕೇಂದ್ರವನ್ನು ಕಂಡು ದಿಲ್ಲಿಗೇಕೆ ಇಷ್ಟು ಅಂಜಿಕೆ?

ಕೃಷಿ ವಿಜ್ಞಾನದವನಾಗಿ ಈ ನಿಷೇಧದ ಅಸಂಬದ್ಧತೆಯನ್ನು ನಾನು ಹೀಗೆ ಗ್ರಹಿಸುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ, ಮುಂಗಾರಿಗೆ ಮುನ್ನ ಸಿಂಪಡಿಸಿರೆಂದು ಸಮುದಾಯ ಬಾನುಲಿಯಲ್ಲಿ ಹೇಳಲು ಯಾರ ಅಡ್ಡಿಯೂ ಇಲ್ಲ. ಆದರೆ 2024ರ ಜುಲೈ 31ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದಾಗ, ಆ ತೋಟವೇ ಅದರೊಳಗೆ ಸೇರಿದೆಯೆ, ಸೇರಿದ್ದರೆ ಏನನ್ನು ಮಾಡಬಹುದು, ಏನನ್ನು ಮಾಡಬಾರದು ಎಂದು ಊರವರನ್ನು ಕೂರಿಸಿ ವಾದಕ್ಕೆ ಬಿಟ್ಟರೆ? ಅದು ಪ್ರಚಲಿತ ವಿದ್ಯಮಾನ, ರಾಜಕೀಯವೂ ಹೌದು. ಪರವಾನಗಿಯ ಭಯವಿರುವ ಯಾವ ಕೇಂದ್ರ ಅದಕ್ಕೆ ಧೈರ್ಯ ಮಾಡೀತು? ಎಲೆಯ ರೋಗದ ಬಗ್ಗೆ ಮಾತನಾಡು, ನೆಲದ ಹಕ್ಕಿನ ಬಗ್ಗೆ ಬೇಡ ಎಂಬುದೇ ಈ ನೀತಿಯ ತಾತ್ಪರ್ಯ.

ಈ ಮೌನದ ಬೆಲೆಯನ್ನು ನಾವು ತೆತ್ತಿದ್ದೇವೆ. ಗಾಡ್ಗೀಳ್ ಸಮಿತಿ 2011ರ ಆಗಸ್ಟಿನಲ್ಲಿ ಒಪ್ಪಿಸಿದ ವರದಿ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2012ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ನಿರ್ಧಾರಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕೆಂದು ಅದು ಆಶಿಸಿತ್ತು. ಗ್ರಾಮಸಭೆಗೆ ತಲುಪಿದ್ದಾದರೂ ಏನು? ವದಂತಿ. ಮನೆ ಬಿಡಿಸುತ್ತಾರಂತೆ, ದನ ಸಾಕುವಂತಿಲ್ಲವಂತೆ! ಗಣಿ ಮತ್ತು ರೆಸಾರ್ಟಿನ ಹಿತಾಸಕ್ತಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಜನ ಓದಿ, ತರ್ಕಿಸಿ ಬೇಡವೆಂದಿದ್ದರೆ ನಾನು ತಲೆಬಾಗುತ್ತಿದ್ದೆ. ಓದುವ, ಕೇಳುವ ಅವಕಾಶವೇ ಇಲ್ಲದ ಜನರ ಹೆಸರಿನಲ್ಲಿ ಬೇಡವೆನ್ನಲಾಯಿತು.

ಪಾಡ್‌ಕಾಸ್ಟಿಗೆ ಈ ಅಗುಳಿಯಿಲ್ಲ, ನಿಜ. ಆದರೆ ಅದು ಫೋನು, ಡೇಟಾ ಮತ್ತು ಖಾಸಗಿ ಕಂಪನಿಯ ವೇದಿಕೆಯನ್ನು ಅವಲಂಬಿಸಿದ ಸ್ವಾತಂತ್ರ್ಯ. ಗುಡ್ಡದ ಮರೆಯಲ್ಲಿ ಎಫ್.ಎಂ. ಅಲೆಯೂ ಅಡಗುತ್ತದೆಂಬುದನ್ನು ಒಪ್ಪುತ್ತೇನೆ. ಮಲೆನಾಡಿಗೆ ಒಂದು ದೊಡ್ಡ ಕೇಂದ್ರಕ್ಕಿಂತ ಕಣಿವೆಗೊಂದು ಸಣ್ಣ ಕೇಂದ್ರ ಬೇಕು. ನಗರದ ಗೆಳೆಯರು ಘಟ್ಟದ ಬಗ್ಗೆ ಧ್ವನಿಮುದ್ರಿಸುವ ಮುನ್ನ ಘಟ್ಟದವರಿಗೆ ಮೈಕು ಕೊಡಲಿ, ಮುದ್ರಿಕೆಯನ್ನು ಕನ್ನಡದಲ್ಲಿ ಊರಿಗೆ ಮರಳಿಸಲಿ. ಅದರ ಜೊತೆಗೆ, ಸಮುದಾಯ ಬಾನುಲಿಯ ನಿಯಮದಿಂದ ಸುದ್ದಿಯ ನಿಷೇಧವನ್ನು ಕಿತ್ತುಹಾಕುವಂತೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವನ್ನು ಒತ್ತಾಯಿಸುವ ನಿರ್ಣಯವನ್ನು ಪ್ರತಿ ಗ್ರಾಮಸಭೆಯೂ ಮುಂದಿನ ಸಭೆಯಲ್ಲೇ ಅಂಗೀಕರಿಸಿ ಕಳುಹಿಸಲಿ.