ಊರಿಗೆ ಹೊರಡುವ ಮುನ್ನ ಮೀಟರ್ ನೋಡಿ

ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ನೇಮ, ಬ್ರಹ್ಮಕಲಶ. ಹೊರಡುವಾಗ ಗ್ಯಾಸ್ ಬಂದ್ ಮಾಡುತ್ತೇವೆ, ನಳ್ಳಿ ತಿರುಗಿಸಿ ನೋಡುತ್ತೇವೆ, ಬಾಗಿಲಿಗೆ ಬೀಗ ಜಡಿದು ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೊರಡುತ್ತೇವೆ. ಬೀಗ ಹಾಕಿದ ಮನೆಯೊಳಗೆ ಟಿವಿಯ ಕೆಂಪು ದೀಪ ಮಾತ್ರ ತಿಂಗಳಿಡೀ ಉರಿಯುತ್ತಲೇ ಇರುತ್ತದೆ. ತಿರುಗಿ ಬಂದ ಮೇಲೆ ಬಿಲ್ಲು ನೋಡಿ, 'ಮನೆಯಲ್ಲಿ ಯಾರೂ ಇರಲಿಲ್ಲವಲ್ಲ' ಎಂದು ವಿದ್ಯುತ್ ಕಂಪೆನಿಯನ್ನು ದೂರುತ್ತೇವೆ.

ರಿಮೋಟ್ ಒತ್ತಿದರೆ ಯಂತ್ರ ಪೂರ್ತಿ ನಿಲ್ಲುವುದಿಲ್ಲ. ಮುಂದಿನ ಅಪ್ಪಣೆಗಾಗಿ ಎಚ್ಚರವಾಗಿದ್ದು ವಿದ್ಯುತ್ ಎಳೆಯುತ್ತಿರುತ್ತದೆ. ಒಂದೇ ಒಂದು ವ್ಯಾಟ್ ವರ್ಷವಿಡೀ ಹರಿದರೆ ಸುಮಾರು 8.76 ಯುನಿಟ್. ಟಿವಿ, ಸೆಟ್‌-ಟಾಪ್ ಬಾಕ್ಸ್, ಕಂಪ್ಯೂಟರ್, ಸ್ಟೆಬಿಲೈಸರ್ ಎಲ್ಲ ಸೇರಿ 25 ವ್ಯಾಟ್ ಎಂದು ಹಿಡಿದರೆ, ಮುಚ್ಚಿದ ಮನೆಯಲ್ಲೇ ತಿಂಗಳಿಗೆ 18 ಯುನಿಟ್ ಖರ್ಚು. ಈ ವ್ಯರ್ಥವನ್ನು ಒಂದು ಸಾಧನಕ್ಕೆ ಒಂದು ವ್ಯಾಟ್‌ಗೆ ಇಳಿಸಬೇಕೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಸೂಚಿಸಿತ್ತು. ಹೊಸ ಟಿವಿಗಳು ಈಗ ಬಹಳ ಸುಧಾರಿಸಿವೆ. ಮೊಬೈಲ್ ಚಾರ್ಜರ್ ಎಳೆಯುವುದೂ ಅತ್ಯಲ್ಪ. ಹೆಚ್ಚು ನುಂಗುವುದು ಹಳೆಯ ಸೆಟ್‌-ಟಾಪ್ ಬಾಕ್ಸಿನಂಥವು. ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುವುದೇ ಇದಕ್ಕೆ ಮದ್ದು. ಊರಿಗೆ ಹೊರಟಾಗ ಪ್ಲಗ್ಗನ್ನೇ ಕೀಳಬೇಕು. ಫ್ರಿಜ್ ಖಾಲಿ ಮಾಡಿ ಆರಿಸಿ, ಬಾಗಿಲು ತುಸು ತೆರೆದಿಡಬೇಕು.

ಇಷ್ಟೇ ಆಗಿದ್ದರೆ ಇದು ನೂರಿನ್ನೂರು ರೂಪಾಯಿಯ ಮಾತು. ಆದರೆ ಬಿಲ್ಲಿನ ಕಾರಣ ಹುಡುಕಲು ಹೊರಟವರಿಗೆ ಕೆಲವೊಮ್ಮೆ ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳುತ್ತದೆ. ಆದ್ದರಿಂದಲೇ ಈ ವಿಷಯ ಇಲ್ಲಿ ಎತ್ತಿಕೊಂಡಿದ್ದೇವೆ.

ಪರೀಕ್ಷೆ ಸುಲಭ. ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್‌ಗಳನ್ನು ಕಿತ್ತು, ಮೇನ್ ಮಾತ್ರ ಹಾಗೇ ಇಟ್ಟು ಕೆಳಗಿನ ಮೀಟರ್ ರೂಮಿಗೆ ಹೋಗಿ ನಿಮ್ಮ ಮೀಟರಿನ ಮಿಣುಕು ದೀಪ ನೋಡಿ. ಯುನಿಟ್‌ಗೆ 3200 ಸಲ ಮಿಣುಕುವ ಮೀಟರಿನಲ್ಲಿ 25 ವ್ಯಾಟ್ ಹರಿದರೆ 45 ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಸಣ್ಣ ಸೋರಿಕೆಯಾದರೆ ಇನ್ನೂ ನಿಧಾನ. ಹತ್ತು ನಿಮಿಷ ಕಾಯಬೇಕು. ಎಲ್ಲ ಆರಿಸಿದ ಮೇಲೂ ಮಿಣುಕುತ್ತಿದ್ದರೆ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿ. ಯಾವುದನ್ನು ಇಳಿಸಿದಾಗ ಮಿಣುಕು ನಿಲ್ಲುತ್ತದೋ ಆ ದಾರಿಯಲ್ಲಿ ಮರೆತ ಸಾಧನವೋ ಸೋರಿಕೆಯೋ ಇದೆ. ಮೇನ್ ಇಳಿಸಿದರೂ ನಿಲ್ಲದಿದ್ದರೆ ಮೀಟರಿಗೂ ಮನೆಗೂ ನಡುವಿನ ವಯರಿನಲ್ಲಿ ಸೋರಿಕೆಯಿರಬಹುದು, ಬೇರೆ ಯಾರದೋ ಜೋಡಣೆಯೂ ಇರಬಹುದು. ಅದನ್ನು ಸೊಸೈಟಿಯ ಗಮನಕ್ಕೆ ತನ್ನಿ, ಮೀಟರಿನ ಮೇಲೇ ಸಂಶಯವಿದ್ದರೆ 1912ಕ್ಕೆ ಕರೆ ಮಾಡಿ. ಮೀಟರ್ ರೂಮಿನಲ್ಲಿ ನೋಡುವುದಷ್ಟೇ ನಮ್ಮ ಕೆಲಸ, ಮುಟ್ಟುವುದಲ್ಲ.

ಎಂಸಿಬಿ ಇದೆ, ಇನ್ನು ಹೆದರಿಕೆಯಿಲ್ಲ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಎಂಸಿಬಿ ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಶಾಕ್ ಹೊಡೆದಾಗ ಕ್ಷಣದಲ್ಲಿ ವಿದ್ಯುತ್ ಕಡಿಯುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಹೋದ ವಿದ್ಯುತ್ತು ಅಷ್ಟೇ ಪ್ರಮಾಣದಲ್ಲಿ ತಿರುಗಿ ಬರದಿದ್ದರೆ ಅದು ಬೀಳುತ್ತದೆ. ಅದರ ಮೇಲೆ 'ಟಿ' ಎಂಬ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ. ಪದೇ ಪದೇ ಬೀಳುತ್ತಿದ್ದರೆ ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕುತ್ತ ಬನ್ನಿ. ಗೀಸರ್, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮೆಷಿನ್‌ಗಳಲ್ಲಿ ಯಾವುದರ ದೋಷವೆಂದು ಗೊತ್ತಾಗುತ್ತದೆ. 'ಇದೊಂದು ಕಿರಿಕಿರಿ' ಎಂದು ಅದನ್ನು ತಪ್ಪಿಸಿ ನೇರ ಜೋಡಿಸುವುದು, ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು ಜೀವದೊಡನೆ ಆಟ.

ಹಳೆಯ ಚಾಳ್‌ಗಳಲ್ಲಿ, ಹೋಟೆಲಿನ ಹುಡುಗರು ಹತ್ತು ಮಂದಿ ಮಲಗುವ ರೂಮುಗಳಲ್ಲಿ ಈ ಆಟ ನಿತ್ಯ ನಡೆಯುತ್ತಿದೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹತ್ತು ಚಾರ್ಜರ್, ಇಸ್ತ್ರಿ, ನೀರು ಕಾಯಿಸುವ ಕಾಯಿಲ್. ಮುಟ್ಟಿದರೆ ಬಿಸಿಯಾದ ಪ್ಲಗ್, ಕಪ್ಪಾದ ಸಾಕೆಟ್, ಸುಟ್ಟ ವಾಸನೆ, ಮಿನುಗುವ ಬಲ್ಬು ಮುನ್ಸೂಚನೆಗಳು. ಮಳೆಗಾಲದಲ್ಲಿ ಗೋಡೆ ತೇವಗೊಂಡಾಗ ಅಪಾಯ ಇಮ್ಮಡಿ. ದುಡಿಯಲೆಂದು ಊರು ಬಿಟ್ಟು ಬಂದ ಹುಡುಗನ ಸುರಕ್ಷತೆಯ ಹೊಣೆ ರೂಮು ಕೊಟ್ಟ ಧನಿಯದ್ದೂ ಹೌದು. ಒಂದು ಆರ್‌ಸಿಸಿಬಿಯ ಬೆಲೆಗೆ ಅಲ್ಲಿ ಲೆಕ್ಕ ಹಾಕುವುದು ಸಲ್ಲದು.

ನಮ್ಮ ಸಂಘ-ಸಂಸ್ಥೆಗಳು ಉಚಿತ ಆರೋಗ್ಯ ತಪಾಸಣೆ ಶಿಬಿರ ಏರ್ಪಡಿಸುವುದುಂಟು, ಪುಸ್ತಕ ವಿತರಿಸುವುದುಂಟು. ಮಳೆ ಹಿಡಿಯುವ ಮುನ್ನ ಒಂದು ಭಾನುವಾರ ಪರವಾನಿಗೆಯುಳ್ಳ ವಯರ್‌ಮನ್ ಒಬ್ಬರನ್ನು ಕರೆದುಕೊಂಡು, ಒಂಟಿಯಾಗಿರುವ ವೃದ್ಧರ ಮನೆಗಳಿಗೂ ಹುಡುಗರ ರೂಮುಗಳಿಗೂ ಹೋಗಿಬರಬಾರದೇಕೆ? ಹಾರ-ತುರಾಯಿಯ ಖರ್ಚಿಲ್ಲದ ಕಾರ್ಯಕ್ರಮವಿದು. ಈ ವರ್ಷ ಒಂದೆರಡು ಸಂಘಗಳಾದರೂ ಆರಂಭಿಸಲಿ. ಅಲ್ಲಿಯವರೆಗೆ, ಇಂದು ರಾತ್ರಿ ಮಲಗುವ ಮುನ್ನ ಟಿವಿಯ ಹಿಂದಿನ ಸ್ವಿಚ್ಚನ್ನು ನಾವು ನಾವೇ ಆರಿಸೋಣ.