ತಾಲ್ಲೂಕಿನಲ್ಲಿ ಸಿಗುವ ಮಾತ್ರೆ

ಮೂರ್ಛೆ ರೋಗಕ್ಕೆ ಒಳ್ಳೆಯ ಮಾತ್ರೆ ಯಾವುದು? ಬೆಂಗಳೂರಿನಲ್ಲಿ ಕೂತು ಕೇಳಿದರೆ ಹೊಸದೊಂದು ಹೆಸರು ಸಿಕ್ಕೀತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ನಿಂತು ಯೋಚಿಸಿದರೆ ನನಗೆ ತೋಚುವ ಉತ್ತರ ಬೇರೆ: ತಿಂಗಳಾ ತಿಂಗಳೂ ತಪ್ಪದೆ ಹತ್ತಿರದಲ್ಲೇ ಸಿಗುವ ಮಾತ್ರೆ.

ನಿಮ್ಹಾನ್ಸ್ ತಂಡ ಬೆಂಗಳೂರಿನ ಸುತ್ತ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಗಳಲ್ಲಿ 11.9 ಮಂದಿಗೆ ಈ ಕಾಯಿಲೆಯಿತ್ತು. ಹಳ್ಳಿಯಲ್ಲೇ ಹೆಚ್ಚು, ತಜ್ಞರು ಮಾತ್ರ ನಗರದಲ್ಲಿ. ಹಾಗೆಂದು ಕೈಚೆಲ್ಲಬೇಕಿಲ್ಲ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್, 1938ರ ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗರ ಫಿಟ್ಸ್ ಹತೋಟಿಗೆ ತರಬಹುದೆಂದು ಡಾ. ಕೆ.ಎಸ್. ಮಣಿ ಯಳಂದೂರಿನಲ್ಲಿ ತೋರಿಸಿದ್ದರು. ಸರಿಯಾಗಿ ನುಂಗಿದರೆ ನೂರಕ್ಕೆ ಎಪ್ಪತ್ತರಷ್ಟು ಜನರಿಗೆ ಫಿಟ್ಸ್ ನಿಲ್ಲಬಲ್ಲದು.

ಹಳ್ಳಿಯವರಿಗೆ ಹಳೇ ಔಷಧಿ ಸಾಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಫಿನೋಬಾರ್ಬಿಟೋನ್ ತೆಗೆದುಕೊಳ್ಳುವ ಮಗು ತರಗತಿಯಲ್ಲಿ ತೂಕಡಿಸೀತು. ಫೆನಿಟಾಯಿನ್‌ನಿಂದ ವಸಡು ಬೆಳೆದೀತು. ಹೊಸ ಲೆವೆಟಿರಾಸೆಟಮ್ ಕೂಡ ಕೆಲವರನ್ನು ಸಿಡುಕರನ್ನಾಗಿ ಮಾಡುತ್ತದೆ. ಆದರೆ ಒಂದು ಕಡೆ ಮಾತ್ರ ಅಗ್ಗ, ಹತ್ತಿರ ಎಂಬ ನನ್ನ ವಾದ ನಿಲ್ಲುವುದಿಲ್ಲ. ವಾಲ್ಪ್ರೋಯೇಟ್ ಬಹಳ ಕೆಲಸಕ್ಕೆ ಬರುವ ಮಾತ್ರೆ, ನಿಜ. ಗರ್ಭಿಣಿ ನುಂಗಿದರೆ ಕೂಸಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ಪೆಟ್ಟಾಗಬಹುದು. ಮದುವೆಯ ವಯಸ್ಸಿನ ಹುಡುಗಿಗೆ ಬೇರೆ ಮಾತ್ರೆ ಸಿಗಬೇಕು, ದುಬಾರಿಯಾದರೂ.

ಆ ಹುಡುಗಿಯ ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆ ಮೂರ್ಛೆಯನ್ನು ಮದುವೆಗೆ ಅಡ್ಡಿಯೆಂದು ಎಣಿಸುವುದನ್ನು 1999ರಲ್ಲೇ ಕೈಬಿಟ್ಟಿತು. ಹೆಣ್ಣು ನೋಡಲು ಬರುವವರು ಕೈಬಿಟ್ಟಿಲ್ಲ. ಹಾಗಾಗಿ ತವರಿನವರು ಮುಚ್ಚಿಡುತ್ತಾರೆ, ಸೊಸೆ ಅತ್ತೆಯ ಕಣ್ಣು ತಪ್ಪಿಸಿ ನುಂಗುತ್ತಾಳೆ, ಒಂದು ದಿನ ಬಿಟ್ಟೂಬಿಡುತ್ತಾಳೆ. ಹೀಗೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಕುತ್ತಾಗಬಹುದು. ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಚಪ್ಪಲಿ ಹಿಡಿದರೆ ಆಗ ಏನೂ ಪ್ರಯೋಜನವಾಗದು. ಮಗ್ಗುಲಿಗೆ ಮಲಗಿಸಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆಗೆಂದು ಪಾವಗಡದಿಂದ ತುಮಕೂರಿಗೆ ಬಸ್ಸು ಹತ್ತಿದರೆ ಒಂದು ದಿನದ ಕೂಲಿ ಹೋಯಿತು. ಫಿಟ್ಸ್ ಬಾರದೆ ಆರು ತಿಂಗಳಾದವರು ಆ ಕೂಲಿಯನ್ನೇ ಉಳಿಸಿಕೊಳ್ಳುತ್ತಾರೆ. ತಪ್ಪು ಅವರದೆಂದು ನಾನು ಹೇಳಲಾರೆ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇವರಿಗೆ ಒಂದೇ ಸಲಕ್ಕೆ ಮೂರು ತಿಂಗಳ ಮಾತ್ರೆ ಕೊಟ್ಟು ಕಳಿಸಲಿ.