ಕಾಲಧರ್ಮವೆಂಬ ನೆಪ

ಅಮೆರಿಕದ ಹೆಸರಾಂತ ಅಂಗಡಿಗಳು ಒಂದೊಂದಾಗಿ ಕದವಿಕ್ಕಿದ ಕತೆಯನ್ನು ಹೇಳುವವರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ಅಂತರಜಾಲ ಬಂತು, ಅಂಗಡಿ ಹೋಯಿತು, ಅದು ಕಾಲಧರ್ಮ. ನಮ್ಮ ಹಿರಿಯರು ಸಾವನ್ನು ಸೂಚಿಸಲು ಬಳಸುತ್ತಿದ್ದ ಗಂಭೀರವಾದ ಪದವಿದು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ, ಈ ಪದವನ್ನು ಲೆಕ್ಕಪುಸ್ತಕ ಮುಚ್ಚಿಡಲು ಹೊದಿಸುವುದನ್ನು ಕಂಡು ಸುಮ್ಮನಿರಲಾಗುವುದಿಲ್ಲ.

ಮಾಂಟ್ಗೊಮೆರಿ ವಾರ್ಡನ್ನು ನೋಡಿ. 1872ರಲ್ಲಿ ಷಿಕಾಗೋದಲ್ಲಿ ಹುಟ್ಟಿ, ಅಂಚೆಯ ಮೂಲಕ ಹಳ್ಳಿಯ ರೈತನಿಗೆ ಸರಕು ಮುಟ್ಟಿಸಿದ ಸಂಸ್ಥೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನ ಪಟ್ಟಣದ ಹೊರವಲಯಗಳಿಗೆ ಹರಿದರು. ಸಿಯರ್ಸ್ ಅವರ ಬೆನ್ನಿಗೇ ಹೋಗಿ ಅಂಗಡಿ ಹೂಡಿತು. ವಾರ್ಡಿನ ಮುಖ್ಯಸ್ಥ ಸೂಯೆಲ್ ಏವರಿಯಾದರೋ, ಮತ್ತೊಂದು ಮಹಾಮುಗ್ಗಟ್ಟು ಬಂದೇ ಬರುವುದೆಂದು ನಂಬಿ ಹಣದ ಗಂಟಿನ ಮೇಲೆ ಕುಳಿತ. ಮುಗ್ಗಟ್ಟು ಬರಲಿಲ್ಲ, ಗಿರಾಕಿ ಹೋದ. ಕುಂಟುತ್ತ ನಡೆದ ಸಂಸ್ಥೆ 2001ರಲ್ಲಿ ಮುಚ್ಚಿದಾಗ ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಅಂತರಜಾಲದ ಪಾಲು ನೂರಕ್ಕೆ ಒಂದರ ಆಸುಪಾಸು. ಆ ಒಂದು ಪಾಲು ಇದನ್ನು ನುಂಗಿತೆ?

ಇದಾದರೂ ಬರಿಯ ದಡ್ಡತನ. ಮರ್ವಿನ್ಸ್ ಅಂಗಡಿಯ ಕತೆ ಬೇರೆ ಜಾತಿಯದು. 1949ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪ್ರಾರಂಭವಾಗಿ, ಮಧ್ಯಮ ವರ್ಗದ ಸಂಸಾರಗಳಿಗೆ ಬಟ್ಟೆಬರೆ ಒದಗಿಸುತ್ತಿತ್ತು. 2004ರಲ್ಲಿ ಕೆಲವು ಬಂಡವಾಳ ಕೂಟಗಳು ಸೇರಿ, ಬಹುಪಾಲು ಸಾಲ ತಂದು, ಅದನ್ನು ಕೊಂಡವು. ಕೊಂಡೊಡನೆ ಅಂಗಡಿ ಬೇರೆ, ಅಂಗಡಿಯ ನೆಲ ಬೇರೆ ಎಂದು ಸೀಳಿದವು. ಸ್ವಂತದ್ದಾಗಿದ್ದ ಕಟ್ಟಡಗಳೆಲ್ಲ ಹೊಸ ಮಾಲೀಕರದೇ ಬೇರೊಂದು ಸಂಸ್ಥೆಗೆ. ಅಂಗಡಿಗೆ ಉಳಿದದ್ದು ಬಾಡಿಗೆಯ ಕರಾರು. ನಿನ್ನೆಯವರೆಗೆ ಸ್ವಂತ ಮನೆಯಲ್ಲಿದ್ದವನು ಇಂದು ಅದೇ ಮನೆಗೆ ಬಾಡಿಗೆ ತೆರಬೇಕು, ಅದೂ ಏರಿಸಿದ ಬಾಡಿಗೆ! 2008ರ ಜುಲೈಯಲ್ಲಿ ದಿವಾಳಿ. ವರ್ಷ ಮುಗಿಯುವಷ್ಟರಲ್ಲಿ ಬೀಗ. ಆ ವರ್ಷ ದೇಶಕ್ಕೆಲ್ಲ ಮುಗ್ಗಟ್ಟು ಬಡಿದಿತ್ತು, ಒಪ್ಪಿದೆ. ಆದರೆ ಮನೆ ಸೋರಿತೆಂದು ಮಳೆಯನ್ನು ಬೈಯುವ ಮೊದಲು, ಹೆಂಚು ಇಳಿಸಿ ಮಾರಿದವರು ಯಾರೆಂದು ಕೇಳಬೇಡವೆ? ಮರ್ವಿನ್ಸ್ ಸಂಸ್ಥೆಯೇ ಅದನ್ನು ನ್ಯಾಯಾಲಯದಲ್ಲಿ ಕೇಳಿತು. 2012ರಲ್ಲಿ 16 ಕೋಟಿ ಡಾಲರಿಗೂ ಮಿಕ್ಕ ಮೊತ್ತಕ್ಕೆ ರಾಜಿಯಾಯಿತು. ಆ ವೇಳೆಗೆ ಅಂಗಡಿಯಿರಲಿಲ್ಲ.

ಹಳೆಯ ಅಂಗಡಿಗಳನ್ನು ನೆನೆದು ಕಣ್ಣೊರಸಿಕೊಳ್ಳುವ ಗುಂಪಿಗೂ ನಾನು ಸೇರಿದವನಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದ ವುಲ್ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಕುಳಿತು ಕಾಫಿ ಕೇಳಿದರು, ಕೊಡಲಿಲ್ಲ. ಅವರ ಹಿಂದೆ ನೂರಾರು ಜನ ಬಂದು ಕುಳಿತ ಮೇಲೆ, ಜುಲೈ ತಿಂಗಳಲ್ಲಿ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಈ ಅಂಗಡಿಗಳು ದೇವಾಲಯಗಳಲ್ಲ. ಅವುಗಳ ಪುಣ್ಯಪಾಪಗಳನ್ನು ಅವುಗಳ ಹೆಸರಿಗೇ ಬರೆಯೋಣ. ಹಾಗೆಯೇ ಅವನ್ನು ಮುಗಿಸಿದವರ ಪಾಪವನ್ನು ಅವರವರ ಹೆಸರಿಗೆ. ಕಾಲದ ತಲೆಗೆ ಕಟ್ಟುವುದರಿಂದ ಯಾರಿಗೆ ಲಾಭವೆಂದು ವಾಚಕರೇ ಯೋಚಿಸಲಿ. ಕಾಲವನ್ನು ಕಟಕಟೆಗೆ ಕರೆಯಲಾಗದು. ಅದರಿಂದ ಸಂಬಳದ ಬಾಕಿ ವಸೂಲಾಗದು.

ಟಾಯ್ಸ್ ಆರ್ ಅಸ್ ಎಂಬ ಆಟಿಕೆಗಳ ಸಂಸ್ಥೆಯನ್ನೂ 2005ರಲ್ಲಿ ಹೀಗೆಯೇ ಸಾಲದ ಹಣದಿಂದ ಕೊಂಡಿದ್ದರು. 2018ರಲ್ಲಿ ಅದರ ಅಮೆರಿಕದ ಮಳಿಗೆಗಳೆಲ್ಲ ಮುಚ್ಚಿದಾಗ 30,000ಕ್ಕೂ ಹೆಚ್ಚು ಕೆಲಸಗಾರರು ಬರಿಗೈಯಲ್ಲಿ ಹೊರಬಿದ್ದರು. ಅವರು ಬೀದಿಗಿಳಿದು ಕೇಳಿದ ಮೇಲೆ ಮಾಲೀಕರಲ್ಲಿ ಇಬ್ಬರು 2 ಕೋಟಿ ಡಾಲರು ತೆಗೆದಿಟ್ಟರು. ಹಂಚಿದರೆ ತಲೆಗೆ 700 ಡಾಲರೂ ಬರದು.